ಅಳಿಯನ ಕೋಣೆ

ಕಕ್ಕಿಂಜೆಯ ರುಖಿಯಮ್ಮನ ಅಳಿಯ ಮುನವ್ವರ್ ಬಲು ಮಾತುಗಾರ. ಚಾರ್ಮಾಡಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ ಟಿಕೆಟಿಗಿಂತ ಹೆಚ್ಚು ಹರಟೆ ಹಂಚಿದವನು. ಗಲ್ಫಿಗೆ ಹೋದಾಗ ಯಾರೋ ಕೈಗಿತ್ತ ಪೊಟ್ಟಣದೊಳಗೆ ಗಾಂಜಾ ಇದ್ದ ದೆಸೆಯಿಂದ ಸಿಕ್ಕಿಬಿದ್ದ. ಅಂಥ ಮಾತುಗಾರನನ್ನು ಅಲ್ಲಿಯ ಜೈಲಿನಲ್ಲಿ ವರ್ಷಗಟ್ಟಲೆ ಒಬ್ಬನನ್ನೇ ಕೂಡಿಹಾಕಿದರು. ಹೊಡೆಯಲಿಲ್ಲವಂತೆ. ಮಾತೂ ಆಡಿಸಲಿಲ್ಲವಂತೆ. ಇಂಥ ಶಿಕ್ಷೆ ಯಾವ ಪಾಪಿಯ ತಲೆಗೆ ಹೊಳೆಯಿತೋ, ನಾ ಕಾಣೆ.

ತಪ್ಪಿಲ್ಲವೆಂದು ಬಿಟ್ಟ ಮೇಲೆ ಆತ ಬಂದದ್ದು ಹೆಂಡತಿ ಸಜ್ನಾಳ ಮನೆಗೆ. ಆ ಮನೆಯ ಹಳೆಯ ರಿವಾಜು, ಅಳಿಯನೆಂದರೆ ಅವನಿಗೇ ಒಂದು ಕೋಣೆ. ಊಟ ಅಲ್ಲಿಗೇ ಹೋಗಬೇಕು. ಅತ್ತೆ ಎದುರಿಗೆ ಬರುವ ಹಾಗಿಲ್ಲ, ಏನಿದ್ದರೂ ಬಾಗಿಲ ಮರೆಯಿಂದಲೇ ಮಾತು. ರುಖಿಯಮ್ಮ ಒಂದಕ್ಕೂ ಕೊರತೆ ಮಾಡಲಿಲ್ಲ. ಹೊಸ ಹಾಸಿಗೆ, ಹೊಸ ಪರದೆ. ಪಕ್ಕದಲ್ಲಿ ಯಾರಾದರೂ ಮಲಗಿದರೆ ಬೆಚ್ಚಿ ಏಳುತ್ತಾನೆಂದು ತಿಳಿದಾಗ ಮಗಳನ್ನೂ ತಮ್ಮ ಬಳಿ ಮಲಗಿಸಿಕೊಂಡರು.

"ದಣಿದು ಬಂದಿದ್ದಾನೆ, ಮಲಗಲಿ. ಯಾರೂ ಆ ಕಡೆ ಹೋಗ್ಬೇಡಿ" ಎಂದು ಮನೆಮಂದಿಯ ಬಾಯಿ ಮುಚ್ಚಿಸಿದರು. ಅಳಿಯ ಮೊದಲಿನ ಹಾಗೆ ಆಗಬೇಕು, ಅವರಿಗೆ ಬೇಕಿದ್ದದ್ದು ಅಷ್ಟೇ.

ತಿಂಗಳಾಯಿತು. ಒಳಗೆ ಅವನು ಮಾತಾಡುವುದು ಕೇಳಿದ ದಿನ ರುಖಿಯಮ್ಮನಿಗೆ ಖುಷಿಯೋ ಖುಷಿ.

"ಯಾರಿಗೋ ಫೋನ್ ಮಾಡ್ತಿದ್ದಾನೆ. ನೋಡು, ಸರಿಯಾಗ್ತಾನೆ."

ಸಜ್ನಾ ಅತ್ತೇಬಿಟ್ಟಳು. "ಉಮ್ಮಾ, ಅವರ ಫೋನ್ ನನ್ನ ಹತ್ರ ಉಂಟು. ಅವರು ಗೋಡೆಯೊಟ್ಟಿಗೆ ಮಾತಾಡುವುದು. ಆ ಜೈಲಿನಲ್ಲೂ ಕೋಣೆ, ತಟ್ಟೆ, ಮುಚ್ಚಿದ ಬಾಗಿಲು. ನಾವೂ ಅದನ್ನೇ ಕೊಟ್ಟದ್ದಲ್ವಾ?"

ಮರ್ಯಾದೆ ಎಂದುಕೊಂಡು ಎಂಥಾ ಕೆಲಸ ಮಾಡಿಬಿಟ್ಟೆನಪ್ಪಾ ಎಂದು ರುಖಿಯಮ್ಮ ಹಣೆ ಚಚ್ಚಿಕೊಂಡರು. ಮಧ್ಯಾಹ್ನ ರಿವಾಜನ್ನೆಲ್ಲ ಬದಿಗಿಟ್ಟು, ಅಕ್ಕಿ ರೊಟ್ಟಿ, ಕೋಳಿ ಸಾರು ಹಿಡಿದು ತಾವೇ ಒಳಗೆ ಹೋದರು. ಅವನ ಜೊತೆ ಕೂತು ಒಂದೇ ತಟ್ಟೆಯಲ್ಲಿ ಉಣ್ಣಬೇಕೆಂದು ಅವರ ಆಸೆ.

ಬಾಗಿಲ ಸದ್ದಿಗೆ ಮುನವ್ವರ್ ಥಟ್ಟನೆ ಎದ್ದ. ಗೋಡೆಗೆ ಮುಖ ಮಾಡಿ, ಕೈ ಹಿಂದೆ ಕಟ್ಟಿ ನಿಂತ.

"ಮೋನೇ, ನಾನು, ಸಜ್ನಾನ ಉಮ್ಮ. ಒಟ್ಟಿಗೆ ಉಣ್ಣುವ, ಬಾ" ಎಂದು ಹೆತ್ತ ಮಗನನ್ನು ಕರೆಯುವಂತೆ ಕರೆದರು.

ಅವನು ತಿರುಗಲಿಲ್ಲ. ರುಖಿಯಮ್ಮ ನೆಲದ ಮೇಲೆ ಕೂತು ಕಾದರು. ಸಾರು ತಣ್ಣಗಾಯಿತು. ಕೊನೆಗೆ ಅವನು ಬಲು ವಿನಯದಿಂದ ಬಾಯಿಬಿಟ್ಟ.

"ತಟ್ಟೆ ಇಟ್ಟು ಹೋಗಿ. ಬಾಗಿಲು ಹಾಕಿ. ಹಾಕದಿದ್ರೆ ನನಗೆ ತಿನ್ಲಿಕ್ಕೆ ಆಗುವುದಿಲ್ಲ."

ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ರುಖಿಯಮ್ಮ ಎದ್ದು ಹೊರಗೆ ಬಂದು, ತಮ್ಮ ಕೈಯಾರೆ ಬಾಗಿಲು ಹಾಕಿದರು.