ಭೂಮಿಯ ಮೊದಲ ಗಾಳಿ

ಅರವತ್ತರ ದಶಕದ ಆರಂಭದಲ್ಲಿ ನಾನು ಧಾರವಾಡದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಸೇರಿದೆ. ನನಗಾಗ ಇಪ್ಪತ್ತಮೂರು. ಓದಿದ್ದನ್ನೆಲ್ಲ ಒಂದೇ ವರ್ಷದಲ್ಲಿ ಕಲಿಸಿಬಿಡುವ ಹುಮ್ಮಸ್ಸು.

ಅಂದಿನ ಪಾಠ ಗ್ರಹಗಳ ಹುಟ್ಟು. ಭೂಮಿ ಮೊದಲು ಕೆಂಡದಂತೆ ಕಾದಿತ್ತು, ಅದರ ಒಡಲಿನಿಂದ ಹಬೆ, ಮೀಥೇನ್, ಅಮೋನಿಯ ಹೊರಬಂದವು, ಉಸಿರಾಡುವಂಥ ಗಾಳಿ ಇರಲೇ ಇಲ್ಲ ಎಂದು ಆಗಿನ ಪುಸ್ತಕಗಳು ಹೇಳುತ್ತಿದ್ದವು. ಹುಡುಗಿಯರು ಬರೆದುಕೊಂಡರು, ನಂಬಿದಂತೆ ಕಾಣಲಿಲ್ಲ. ಮುಂದಿನ ಬೆಂಚಿನವಳು ಕೇಳಿದಳು: "ಅಕ್ಕಾರ, ಆ ಗಾಳಿ ಹೆಂಗ ಇರ್ತಿತ್ರಿ?"

ಕಪಾಟಿನಲ್ಲಿ ಅಮೋನಿಯದ ಬಾಟಲಿಯಿತ್ತು. ಒಂಚೂರು ವಾಸನೆ ತೋರಿಸೋಣವೆಂದು ತೆಗೆದೆ. ಗಾಜಿನ ಬಿರಡೆ ಕಚ್ಚಿಕೊಂಡಿತ್ತು. ಸೆರಗು ಸುತ್ತಿ ಜೋರಾಗಿ ತಿರುವಿದೆ. ಬಿರಡೆ ಕೈಗೆ ಬಂತು, ಅರ್ಧ ಬಾಟಲಿ ಮೇಜಿನ ಮೇಲೆ ಚೆಲ್ಲಿತು.

ನಲವತ್ತು ಹುಡುಗಿಯರು ಒಂದೇ ಬಾಗಿಲಿನಿಂದ ಹೊರಬಿದ್ದರು, ಹಿಂದೆಯೇ ನಾನು. ಆ ಹೊತ್ತಿಗೆ ಸರಿಯಾಗಿ ಮುಖ್ಯಾಧ್ಯಾಪಕಿಯವರು ಶಾಲೆಯ ತಪಾಸಣೆಗೆ ಬಂದಿದ್ದ ಸಾಹೇಬರನ್ನು ಕರೆದುಕೊಂಡು ಬರುತ್ತಿದ್ದರು. ಎಲ್ಲರ ಕಣ್ಣಲ್ಲೂ ನೀರು ಸುರಿಯುವುದನ್ನು ಕಂಡು ಸಾಹೇಬರು ಟೊಪ್ಪಿಗೆ ತೆಗೆದರು.

"ಯಾರ್ ತೀರಿಕೊಂಡಾರ್ರಿ?" ಎಂದು ಮೆಲ್ಲಗೆ ಕೇಳಿದರು.

"ಯಾರೂ ಇಲ್ರಿ ಸರ್. ಇದು ಭೂಮಿ ಹುಟ್ಟಿದಾಗಿನ ಗಾಳಿರಿ," ಎಂದೆ.

ಅವರು ಒಳಗೆ ಇಣುಕಿ, ಕೆಮ್ಮುತ್ತ ಹಿಂದೆ ಸರಿದರು. "ಖರೇ ಇರಬೇಕ್ ಬಿಡ್ರಿ. ಅದಕ್ಕ ಆವಾಗ ಯಾರೂ ಇರ್ಲಿಲ್ಲ."

ಪಾಠ ಬೇವಿನ ಮರದ ಕೆಳಗೆ ಮುಂದುವರಿಯಿತು. ಸಾಹೇಬರೂ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತ ಕೇಳಿದರು: "ಚಂದ್ರನ ಮ್ಯಾಲೆ ಗಾಳಿ ಯಾಕ ಇಲ್ಲ, ಯಾರ್ ಹೇಳ್ತೀರಿ?"

ಕೊನೆಯ ಸಾಲಿನಲ್ಲಿ ಸದಾ ಬಾಯಿ ಮುಚ್ಚಿಕೊಂಡಿರುತ್ತಿದ್ದ ಹುಡುಗಿ ಎದ್ದಳು. "ಅಂವ ಭಾಳ ಸಣ್ಣಾಂವರಿ. ಗಾಳಿ ಹಿಡಿದಿಡೋವಷ್ಟು ಸೆಳೆತ ಇಲ್ರಿ. ಎಲ್ಲಾ ಹಾರಿ ಹೋತು, ನಮ್ಮ ಅಕ್ಕಾರ ಕೈಯಾಗಿನ ಬಾಟ್ಲಿದು ಹೋದಂಗ."

ಮುಖ್ಯಾಧ್ಯಾಪಕಿಯವರು ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ. ಸಾಹೇಬರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ತಪಾಸಣೆಯ ಪುಸ್ತಕದಲ್ಲಿ ವಿಜ್ಞಾನ ಪಾಠ ಪರಿಣಾಮಕಾರಿಯಾಗಿದೆಯೆಂದೂ ಆ ಕೋಣೆಗೆ ಇನ್ನೊಂದು ಕಿಟಕಿ ಬೇಕೆಂದೂ ಬರೆದರು. ಮುಖ್ಯಾಧ್ಯಾಪಕಿಯವರು ನಾಲ್ಕು ವರ್ಷ ಅರ್ಜಿ ಬರೆದರೂ ಸಿಗದ ಕಿಟಕಿ ದೀಪಾವಳಿಯೊಳಗೆ ಬಂತು. ಅವರ ಸಿಟ್ಟೂ ಇಳಿಯಿತು.

ಎಷ್ಟೋ ವರ್ಷಗಳ ಮೇಲೆ, ಆದಿಕಾಲದ ಭೂಮಿಯಲ್ಲಿ ಅಮೋನಿಯ ಅಷ್ಟೇನೂ ಇರಲಿಲ್ಲವೆಂದು ಓದಿದೆ. ಅದೇ ವಾರ ಹುಬ್ಬಳ್ಳಿಯ ಬಸ್ಸಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. "ನೀವು ಕಲಿಸಿದ್ದರಾಗ ಭೂಮಿ ಹುಟ್ಟಿದಾಗಿನ ಆ ಗಾಳಿ ಒಂದು ಇನ್ನೂ ಮರ್ತಿಲ್ರಿ, ಅಕ್ಕಾರ," ಎಂದಳು. ತಿದ್ದಲು ಮನಸ್ಸಾಗಲಿಲ್ಲ.