ನೆಟ್ಟಗೆ ನಿಂತ ಕಂಬಳಿ

ಬರಗೂರಿನಲ್ಲಿ ಶಿರಾ ಬಸ್ಸಿಗೆ ಕಾಯುತ್ತ, ನೆರಳಿಗೆಂದು ಕಂಬಳಿ ನೇಯುವ ಮನೆಯೊಂದರ ಜಗಲಿಯಲ್ಲಿ ಕೂತಿದ್ದೇನೆ. ಅಂಗಳದಲ್ಲಿ ಹೊಸ ಕರಿ ಕಂಬಳಿಯೊಂದು ಯಾವ ಆಸರೆಯೂ ಇಲ್ಲದೆ ನಿಂತಿದೆ. ಹುಣಸೆಬೀಜದ ಗಂಜಿ ಹಾಕಿ ಒಣಗಿಸಿದರೆ ಹಾಗೆ ನಿಲ್ಲುತ್ತದಂತೆ. ಇಲ್ಲಿಯವರು ಕೊಳ್ಳುವ ಮುಂಚೆ ನಿಲ್ಲಿಸಿ ನೋಡುತ್ತಾರೆ, ಬಿದ್ದರೆ ಬೇಡವೆನ್ನುತ್ತಾರೆ.

ಮನೆಯ ಸೊಸೆ ಗಿರಿಜಾ ಮೊಬೈಲಿನಲ್ಲೇ ಹೊರದೇಶಕ್ಕೆ ಕಂಬಳಿ ಮಾರಲು ಹೊರಟವಳು. ಅಲ್ಲಿಯವರ ಕ್ರೆಡಿಟ್ ಕಾರ್ಡಿನಿಂದ ಹಣ ತರಿಸಿಕೊಡುವ ಕಂಪನಿಯೊಂದರಲ್ಲಿ ಖಾತೆ ತೆರೆಯಲು ತಿಂಗಳುಗಟ್ಟಲೆ ಒದ್ದಾಡಿದ್ದಳು. ಮೊದಲ ಗಿರಾಕಿ ಜರ್ಮನಿಯ ಹೆಂಗಸು. ಕಂಬಳಿ ಕೈಸೇರಿದ ಮೇಲೆ, ಇದು ಹಲಗೆಯ ಹಾಗಿದೆ, ಹೊದೆಯಲು ಬಾರದು ಎಂದು ಆಕೆ ತನ್ನ ಬ್ಯಾಂಕಿಗೆ ದೂರು ಕೊಟ್ಟಳು. ಮಾಲು ಚೆನ್ನಾಗಿತ್ತೆಂಬುದಕ್ಕೆ ಪುರಾವೆ ಕೊಡಿ ಎಂದಿತು ಕಂಪನಿ.

"ಏನು ಕೊಟ್ಟಿರಿ?" ಎಂದೆ.

"ಆ ಕಂಬ್ಳಿ ಇಂಗೇ ನಿಂತಿದ್ ಫೋಟೊ ಕಳ್ಸ್‌ಬುಟ್ಟೆ ಕಣಣ್ಣ."

ಫೋಟೊ ನೋಡಿದವರು ಗಿರಾಕಿಯ ಮಾತೇ ನಿಜವೆಂದು ಆಕೆಗೆ ಹಣ ವಾಪಸ್ ಮಾಡಿದರು.

"ಒಂದು ಸಲ ಒಗೆದರೆ ಮೆತ್ತಗಾಗುತ್ತದೆಂದು ಬರೆಯಬಾರದಿತ್ತೇ?"

"ಆಮ್ಯಾಕೆ ಅದ್ನೂ ಬರ್ದೆ. ಮುಗ್ದೋಯ್ತು, ಇನ್ನ ಕೇಳಲ್ಲ ಅಂದವ್ರೆ. ಖಾತೇನೂ ಮುಚ್ಚಾಕವ್ರೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಅಷ್ಟರಲ್ಲಿ ಒಳಗೆ ಮಗ್ಗದ ಸದ್ದು ನಿಂತಿತು. ಗಿರಿಜಾಳ ಮಾವ ಬಾಗಿಲಿಗೆ ಬಂದು, ಅಂಗಳದ ಕಂಬಳಿಯನ್ನು ಅಭಿಮಾನದಿಂದ ದಿಟ್ಟಿಸಿದರು.

"ಅವತ್ತಿನ್ ಫೋಟೊದಾಗೆ ಒಸಿ ವಾಲಿತ್ತು ಕಣಮ್ಮ," ಎಂದರು. "ಇದು ನೆಟ್ಟಗೈತೆ. ಇದ್ನ ತೆಗ್ದು ಕಳ್ಸು, ಒಪ್ತಾರೆ."

ಗಿರಿಜಾ ಮೊಬೈಲನ್ನು ಮಗುಚಿಟ್ಟು, "ಊಂ ಮಾವ," ಎಂದಳು.