ಕಾಕು ಟೊರಾಂಟೊ ಮುಟ್ಟಿದ್ದು

ಮೊನ್ನೆ ಹುಕ್ಕೇರಿಯ ತಂಗಿಯ ಮನೆಗೆ ಹೋದಾಗ ಅಡುಗೆಮನೆಯಿಂದ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಬಂತು. ಬಾಣಂತಿ ಸೊಸೆಗೆಂದು ಅಂಟಿನ ಉಂಡೆ ಕಟ್ಟುತ್ತಿದ್ದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಘಟಪ್ರಭಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ನನಗೆ ಚಿಕ್ಕಮ್ಮನಂತಿದ್ದ ಕಾಕು ನೆನಪಾದರು...

ಕಾಕುವಿನ ಒಬ್ಬಳೇ ಮಗಳು ಟೊರಾಂಟೊದಲ್ಲಿ ನರ್ಸ್ ಆಗಿದ್ದಳು. ಅವಳ ಚೊಚ್ಚಲ ಹೆರಿಗೆಗೆ ಕಾಕು ಹೊರಟಿದ್ದರು. ಅಲ್ಲಿಯವರೆಗೆ ಬೆಳಗಾವಿಯ ಆಚೆ ಹೋದವರೇ ಅಲ್ಲ. ಮಗಳಿಗೆಂದು ಅಂಟಿನ ಉಂಡೆ ಕಟ್ಟುತ್ತಲೇ ನನ್ನನ್ನು ಕೇಳಿದರು:

"ಎಷ್ಟ ದೂರ ಐತಿ ತಂಗಿ ಅದು?"

"ಮುಂಬೈದಿಂದ ಹನ್ನೆರಡ ಸಾವಿರ ಕಿಲೋಮೀಟರ್ ಮ್ಯಾಲ ಐತ್ರಿ ಕಾಕು. ನಡುವ ದುಬೈದಾಗ ಇಳದು ಬ್ಯಾರೆ ವಿಮಾನ ಹತ್ತಬೇಕು. ಒಟ್ಟ ಒಂದ ದಿನ ಹಿಡಿತೈತ್ರಿ."

"ಒಂದ ದಿನಾ? ಮೂಡಲಗಿಗೆ ಲಗ್ನಕ್ಕ ಹೋಗಿ ಬರಾಕೂ ನನಗ ಒಂದ ದಿನ ಬೇಕಲ್ಲ!" ಎಂದು ನಕ್ಕರು.

ಮುಂಬೈವರೆಗೆ ನಾನೇ ಜೊತೆಗೆ ಹೋದೆ. ರೈಲಿನಲ್ಲಿ ನನ್ನ ಫೋನ್ ನಂಬರ್ ಬಾಯಿಪಾಠ ಮಾಡಿಸಿದೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಅವರು ತಿರುಗಿ ನೋಡಲಿಲ್ಲ; ನೋಡಿದ್ದರೆ ಅತ್ತುಬಿಡುತ್ತಿದ್ದರೇನೋ.

ಮರುದಿನ ನಾನು ಊರಿಗೆ ಮರಳುವ ರೈಲು ಪುಣೆ ದಾಟಿತ್ತು. ಕಾಕುವಿನ ಮಗಳ ಫೋನ್ ಬಂತು. "ಅಕ್ಕಾ, ಅವ್ವ ದುಬೈದಾಗ ಎರಡನೇ ವಿಮಾನ ಹತ್ತಿಲ್ಲಂತ್ರಿ. ಎಲ್ಲಿ ಅದಾಳ ಅಂತ ವಿಮಾನದವರಿಗೂ ಗೊತ್ತಿಲ್ಲಂತ." ಅಷ್ಟರಲ್ಲಿ ಸಿಗ್ನಲ್ ಹೋಯಿತು. ಕಾಕುವಿನ ಫೋನ್ ಹತ್ತಲೇ ಇಲ್ಲ. ಅವರಿಗೆ ಓದು ಬರಹ ಅಷ್ಟಕ್ಕಷ್ಟೇ, ಗೊತ್ತಿದ್ದ ಭಾಷೆ ಕನ್ನಡವೊಂದೇ. ನನಗೆ ಕೈಯಲ್ಲಿದ್ದ ಬುತ್ತಿ ಬಿಚ್ಚಲೂ ಮನಸ್ಸಾಗಲಿಲ್ಲ.

ಸಾತಾರಾ ದಾಟಿದ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ. ಕಾಕುವಿನದೇ ದನಿ: "ಅಂಜಬ್ಯಾಡ ತಂಗಿ, ನಾ ಆರಾಮ ಅದೇನಿ."

ವಿಮಾನಕ್ಕೆ ಕಾಯುವಾಗ ಪಕ್ಕದಲ್ಲಿ ಕೂತಿದ್ದ ಬಸುರಿ ಹುಡುಗಿಯೊಬ್ಬಳು ತಲೆಸುತ್ತಿ ಬಿದ್ದಳಂತೆ. ಅವಳ ಜೊತೆ ಯಾರೂ ಇರಲಿಲ್ಲ. ಡಾಕ್ಟರು ಬಂದು ಒಳಗೆ ಕರೆದೊಯ್ದರೂ ಅವಳು ಕಾಕುವಿನ ಕೈ ಬಿಡಲಿಲ್ಲ.

"ಆಕಿ ಮಾತು ನನಗ ತಿಳೀಲಿಲ್ಲ. ಖರೆ, ಕೈ ಬಿಡಿಸ್ಕೊಂಡು ಹೆಂಗ ಬರ್ಲಿ? ನನ್ನ ಮಗಳೂ ಹಂಗ ಅದಾಳಲ್ಲ..."

ಆ ಹುಡುಗಿ ಚೇತರಿಸಿಕೊಂಡಿದ್ದಳು. ಅಲ್ಲಿನ ನರ್ಸ್ ಒಬ್ಬಳು ಕಾಕುವಿಗೆ ತನ್ನ ಫೋನ್ ಕೊಟ್ಟು, ಮರುದಿನದ ವಿಮಾನದಲ್ಲಿ ಜಾಗವನ್ನೂ ಮಾಡಿಸಿದ್ದಳು. ನಾನು ಅಳುತ್ತ ನಗುತ್ತ ಎದುರಿಗಿದ್ದವರಿಗೆಲ್ಲ ಬುತ್ತಿಯ ರೊಟ್ಟಿ ಹಂಚಿದೆ. ಹೆರಿಗೆಗೆ ಮೊದಲೇ ಕಾಕು ಟೊರಾಂಟೊ ಮುಟ್ಟಿದರು. ಮೊಮ್ಮಗಳು ಹುಟ್ಟಿದಳು.

ಈಗ ಕಾಕು ಇಲ್ಲ. ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ಮಗಳು ಅಷ್ಟೇ ದೂರ ಹಾರಿ ಬಂದಳು. ಅವಳು ಬರುವವರೆಗೆ ಜೀವ ಇರುತ್ತದೋ ಇಲ್ಲವೋ ಎಂದು ನಾವೆಲ್ಲ ಬಾಗಿಲು ಕಾಯುತ್ತ ಕೂತಿದ್ದೆವು. ಅವಳು ಒಳಗೆ ಕಾಲಿಟ್ಟಾಗ ಕಾಕು ಕಣ್ಣು ತೆರೆದರು.

"ಊಟ ಆತೇನವ್ವಾ?" ಎಂದರು.

ಆಮೇಲೆ ತಾಯಿ ಮಗಳಿಗೆ ಒಂದು ವಾರ ಸಿಕ್ಕಿತು. ಪಕ್ಕದ ಮನೆಗೆ ಬೀಗ ಬಿದ್ದಿದೆ, ನೋಡಿದಾಗ ಸಂಕಟವಾಗುತ್ತದೆ. ಆದರೂ ಆ ಒಂದು ವಾರ ನೆನೆದರೆ ಎದೆ ಹಗುರಾಗುತ್ತದೆ.